ನಫೀಸಾ ಲ್ಯಾಮಿನೇಶನ್ ಮಾಡಿಸಿದ ಸಾಲು

ಒತ್ತಿದಾಗಲೆಲ್ಲ ರಬ್ಬರಿನ ಮನುಷ್ಯನ ಎದೆಯೊಳಗಿನಿಂದ ಟಿಕ್ ಎಂದು ಸದ್ದು ಬರುತ್ತಿತ್ತು. ಸರಿಯಾದ ಆಳಕ್ಕೆ ಒತ್ತಿದ್ದೀಯ ಎಂದು ಅದರ ಅರ್ಥ. ನಿಜವಾದ ಎದೆಗಳಲ್ಲಿ ಈ ಸೌಕರ್ಯವಿಲ್ಲ, ಅಲ್ಲಿ ಪಕ್ಕೆಲುಬು ಮುರಿಯುವ ಹಾಗೆ ದುಡಿದರೂ ಯಾರೂ ಭೇಷ್ ಎನ್ನುವುದಿಲ್ಲ ಎಂದುಕೊಳ್ಳುತ್ತ ಶ್ರೀನಿಧಿ ಒತ್ತುತ್ತಲೇ ಇದ್ದ. ತನ್ನ ಹಣೆಯಿಂದ ಬೆವರಿನ ಹನಿಯೊಂದು ನಿಧಾನಗತಿಯಲ್ಲಿ ಬೀಳುವುದು ಅವನಿಗೆ ಕಾಣುತ್ತಿತ್ತು. ಹಿನ್ನೆಲೆಯಲ್ಲಿ ನಲವತ್ತು ಪಿಟೀಲುಗಳು ಏರುವುದು ಕೇಳುತ್ತಿತ್ತು. ಪರದೆಯ ಪಕ್ಕ ಇಸ್ಮಾಯಿಲ್ ನಿಂತಿದ್ದ. ಎರಡು ನಿಮಿಷದ ಹಿಂದೆ ಅದೇ ಮಂಚದ ಮೇಲೆ ರೋಗಿಯಾಗಿ ನರಳಿ, ಹೃದಯ ನಿಲ್ಲುವ ಘಟ್ಟ ಬಂದಾಗ ಎದ್ದು ಬಂದು, ತನ್ನ ಜಾಗವನ್ನು ಗೊಂಬೆಗೆ ಬಿಟ್ಟುಕೊಟ್ಟವನು. ಈಗ ಕೈಕಟ್ಟಿಕೊಂಡು, ತನ್ನದೇ ಹೆಣವನ್ನು ನೋಡಲು ಬಂದ ನೆಂಟನ ಹಾಗೆ, ಕತ್ತು ಚಾಚಿ ನೋಡುತ್ತಿದ್ದ.

"ಡಾಕ್ಟ್ರೇ, ಆವತ್ತು ನಂಗೂ ಹೀಗೇ ಗುದ್ದಿದ್ದಾ?"

"ಇದಕ್ಕಿಂತ ಜೋರಾಗಿಯಂತೆ, ಇಕ್ಕಾ. ನೀವು ಒರಿಜಿನಲ್ ಅಲ್ವಾ."

"ಅದಕ್ಕೇ ಸೀನಿದ್ರೆ ಇನ್ನೂ ನೋಯುದು ಮಾರಾಯ್ರೆ."

ಕನ್ನಡ ತಿಳಿಯದ ಹದಿಮೂರು ಮಂದಿ ಡಾಕ್ಟರುಗಳು ಸುಮ್ಮನೆ ನೋಡಿದರು. ಇಡೀ ಕೇರಳದಿಂದ ಆರಿಸಿ ಕರೆಸಿದ ತುರ್ತು ವಿಭಾಗದವರು ಅವರೆಲ್ಲ. ತಿರುವನಂತಪುರದ ಒಂದು ಹೋಟೆಲಿನ ಮದುವೆ ಹಾಲಿನಲ್ಲಿ ಅರ್ಧಕ್ಕೆ ಆಸ್ಪತ್ರೆ, ಇನ್ನರ್ಧಕ್ಕೆ ಕೋರ್ಟು ಕಟ್ಟಿದ್ದರು. ಬೆಳಿಗ್ಗೆ ನಾಟಕದ ರೋಗಿಗೆ ಚಿಕಿತ್ಸೆ ಕೊಟ್ಟು ಪ್ರತಿಯೊಬ್ಬರೂ ಕೇಸ್ ಶೀಟು ಬರೆಯಬೇಕು. ಮಧ್ಯಾಹ್ನ ಅದೇ ರೋಗಿ ನಿಮ್ಮ ಮೇಲೆ ಗ್ರಾಹಕರ ಕೋರ್ಟಿನಲ್ಲಿ ದಾವೆ ಹಾಕುತ್ತಾನೆ. ನೀವು ಬರೆದ ಶೀಟನ್ನೇ ಕೈಯಲ್ಲಿ ಹಿಡಿದು ನಿಜವಾದ ವಕೀಲರೊಬ್ಬರು ನಿಮ್ಮನ್ನು ಸಿಪ್ಪೆ ಸುಲಿಯುತ್ತಾರೆ. ಎರಡು ಸಾವಿರದ ಎಂಟರಲ್ಲಿ ಇದು ಹೊಸ ಫ್ಯಾಷನ್ನು. ರೋಗಿಯ ಪಾತ್ರಕ್ಕೆ ತುರ್ತು ವಿಭಾಗ ಕಂಡು ಬದುಕಿದವರೊಬ್ಬರನ್ನು ಕರೆತನ್ನಿ ಎಂದು ತರಬೇತಿಯ ಮುಖ್ಯಸ್ಥೆ ಡಾಕ್ಟರ್ ನಿರ್ಮಲ ಬರೆದಾಗ, ಕೊಚ್ಚಿಯ ಖಾಸಗಿ ಆಸ್ಪತ್ರೆಯೊಂದರ ಮೆಸ್ಸಿನಲ್ಲಿ ಕೂತಿದ್ದ ಶ್ರೀನಿಧಿ ಮೇಜು ಕುಟ್ಟಿ "ಹೀರೋ ನನ್ನ ಹತ್ರ ಇದಾನೆ" ಎಂದಿದ್ದ. ಹಾಗೆ ಅಂದವನು ತಾನೇ ಎಂಬುದು ಅವನಿಗೆ ಈಗಲೂ ಪೂರ್ತಿ ನಂಬಿಕೆಯಾಗಿರಲಿಲ್ಲ.

ಇಕ್ಕಾ, ಅಂದರೆ ಅಣ್ಣ, ಎಂದು ಶ್ರೀನಿಧಿ ಕರೆಯುವ ಇಸ್ಮಾಯಿಲ್ ಮಂಜೇಶ್ವರದ ಕಡೆಯವನು, ವಲ್ಲಾರ್ಪಾಡದ ಬಂದರು ಕಾಮಗಾರಿಯಲ್ಲಿ ಲಾರಿ ಓಡಿಸುತ್ತಿದ್ದ. ಮೂರು ತಿಂಗಳ ಹಿಂದೆ ಒಂದು ಮಂಗಳವಾರ ಮಧ್ಯಾಹ್ನ ಹೊಟ್ಟೆಯ ಮೇಲ್ಭಾಗ ಒತ್ತಿ ಹಿಡಿದುಕೊಂಡು ಬಂದಿದ್ದ. ಮೈಸೂರಿನಿಂದ ಬಂದು ಎರಡು ವರ್ಷ ಮಲಯಾಳದಲ್ಲಿ ಬರೀ ನೋವು, ವಾಂತಿ, ಮಲ, ಮೂತ್ರದ ಶಬ್ದಗಳನ್ನು ಕಲಿತಿದ್ದ ಶ್ರೀನಿಧಿಗೆ, ಎದುರಿನ ಮನುಷ್ಯ "ಎದೆ ಉರಿ ಡಾಕ್ಟ್ರೇ" ಎಂದು ಕನ್ನಡದಲ್ಲಿ ಅಂದದ್ದೇ ಒಂದು ಹಬ್ಬ. ಹಬ್ಬದ ದಿನ ಯಾರು ಇಸಿಜಿ ತೆಗೆಯುತ್ತಾರೆ? ಊರು ಯಾವುದು, ಶಾಲೆ ಯಾವುದು, ಅಲ್ಲಿ ಈಗಲೂ ಗೋಳಿಬಜೆ ಸಿಗುತ್ತದಾ ಎಂದೆಲ್ಲ ಕೇಳಿ, ಬೆವರಿದ ಆ ಕುತ್ತಿಗೆಯನ್ನು ನೋಡಿಯೂ ನೋಡದೆ, ಗುಲಾಬಿ ಬಣ್ಣದ ಔಷಧಿ ಕುಡಿಸಿ, ಒಂದು ಕೈ ಸೊಂಟದ ಮೇಲಿಟ್ಟು ಡೈಲಾಗು ಹೊಡೆದಿದ್ದ: "ಗ್ಯಾಸು ಬಂದ ದಾರೀಲೇ ಹೋಗುತ್ತೆ ಇಕ್ಕಾ, ಗಂಡಸಿಗೆ ಗತ್ತು ಮಾತ್ರ ಉಳೀಬೇಕು!" ಇಸ್ಮಾಯಿಲ್ ನಗುತ್ತ ಹೋದ. ಆರು ಗಂಟೆಯ ನಂತರ ಆಟೋದಲ್ಲಿ, ನಗದೆ, ಉಸಿರೂ ಇಲ್ಲದೆ ವಾಪಸು ಬಂದ. ಆ ಪಾಳಿಯ ಡಾಕ್ಟರು ಎದೆ ಒತ್ತಿ, ಕರೆಂಟು ಕೊಟ್ಟು, ಅವನನ್ನು ಈ ಲೋಕಕ್ಕೆ ಎಳೆದು ತಂದರು. ಮರುದಿನ ಬೆಳಿಗ್ಗೆ ಡ್ಯೂಟಿಗೆ ಬಂದ ಶ್ರೀನಿಧಿ ಸುದ್ದಿ ಕೇಳಿದ, ಕೌಂಟರಿನಲ್ಲಿದ್ದ ಹಿಂದಿನ ದಿನದ ಕೇಸ್ ಶೀಟನ್ನು ಹುಡುಕಿದ, ಎರಡು ಸಾಲುಗಳ ನಡುವೆ ಹುಲುಸಾಗಿ ಉಳಿದಿದ್ದ ಬಿಳಿ ಜಾಗವನ್ನು ನೋಡಿದ. ಇಸಿಜಿಗೆ ಹೇಳಿದೆ, ರೋಗಿ ಬೇಡವೆಂದರು. ಇಂಗ್ಲಿಷಿನಲ್ಲಿ ಐದೇ ಪದ. ಐದು ಪದ ಬರೆಯಲು ಎಷ್ಟು ಹೊತ್ತು? ಪಕ್ಕದಲ್ಲಿದ್ದ ಹೆಡ್ ನರ್ಸ್ ಪ್ರೇಮ ಚೇಚಿ ನೋಡಿದರು. ಅವನು ಕೆಳಗಿಟ್ಟ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡು ಹೋದರು. ಆ ಮುಚ್ಚಳ ಬಿದ್ದ ಸದ್ದೂ ಟಿಕ್ ಎಂದೇ ಇತ್ತು.

ಯಾರೂ ಕೇಳಲಿಲ್ಲ, ದಾವೆ ಬರಲಿಲ್ಲ, ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಆದರೆ ಆ ಐದು ಪದ ಅವನದೇ ಅಕ್ಷರದಲ್ಲಿ ಕೇಸ್ ಶೀಟಿನಿಂದ ಡಿಸ್ಚಾರ್ಜ್ ಕಾಗದಕ್ಕೆ ಇಳಿದು, ಕಲೂರಿನ ಬಾಡಿಗೆ ಮನೆಗೆ ಹೋಗಿ, ಇಸ್ಮಾಯಿಲನ ಹೆಂಡತಿ ನಫೀಸಾಳ ಕೈ ಸೇರಿತು. ಅವಳು ಪಕ್ಕದ ಮನೆಯ ಟೀಚರಿಂದ ಕಾಗದ ಓದಿಸಿದಳು. ಆವತ್ತಿನಿಂದ ಮನೆಯಲ್ಲಿ ಇಸ್ಮಾಯಿಲನ ಹೆಸರು 'ಬೇಡ ಅಂದ ಮನುಷ್ಯ'. ಮೀನಿಗೆ ಉಪ್ಪು ಕೇಳಿದರೆ, ಡಾಕ್ಟ್ರು ಹೇಳಿದ್ದನ್ನೇ ಬೇಡ ಅಂದವರಿಗೆ ಉಪ್ಪು ಯಾಕೆ? ಬೀಡಿ ಬಿಟ್ಟೆ ಎಂದರೆ, ಬೇಡ ಅನ್ನಲಿಕ್ಕೆ ನಿಮಗೆ ಕಲಿಸಬೇಕಾ? ಒಂದು ಶುಕ್ರವಾರ ಮಸೀದಿಯಿಂದ ನೇರ ಆಸ್ಪತ್ರೆಗೆ ಬಂದ ಇಸ್ಮಾಯಿಲ್, ಟೋಪಿಯನ್ನು ಕೈಯಲ್ಲಿ ಮಡಿಚುತ್ತ, ಶ್ರೀನಿಧಿಯ ಎದುರು ನಿಂತು ಹೇಳಿದ್ದ: "ಕ್ಷಮಿಸಿ ಡಾಕ್ಟ್ರೇ. ನೀವು ಅಷ್ಟು ಹೇಳಿಯೂ ನಾನು ಕೇಳ್ಳಿಲ್ಲವಂತೆ. ಆ ನೋವಲ್ಲಿ ಎಂತ ಹೇಳಿದೆನೋ ನಂಗೆ ನೆನಪೇ ಇಲ್ಲ. ಬೇಡ ಅಂದಿರ್ಲಿಕ್ಕೂ ಸಾಕು, ನನ್ನ ಬಾಯಿ ಸರಿ ಇಲ್ಲ." ಶ್ರೀನಿಧಿ, ಯಾವ ಸಂದರ್ಭಕ್ಕೂ ಒಂದು ಡೈಲಾಗು ಇಟ್ಟುಕೊಂಡಿದ್ದವನು, ಆವತ್ತು ಏನು ಹೇಳಿದ? "ಪರವಾಗಿಲ್ಲ ಬಿಡಿ" ಎಂದ. ಕ್ಷಮಿಸಿದ! ಆ ಮೇಲೆ ಪ್ರತಿ ಶುಕ್ರವಾರ ಒಂದು ಡಬ್ಬಿ ಬರತೊಡಗಿತು, ಒಮ್ಮೆ ಅಕ್ಕಿ ರೊಟ್ಟಿಯಂಥ ಪತ್ತಿರಿ, ಒಮ್ಮೆ ಬಾಳೆಹಣ್ಣಿನ ಉಣ್ಣಕ್ಕಾಯಿ. ತಿಂದದ್ದೆಲ್ಲ ಎದೆಯ ಹತ್ತಿರ ಎಲ್ಲೋ ಉರಿಯುತ್ತಿತ್ತು. ಗ್ಯಾಸು ಎಂದುಕೊಂಡ.

ಇವತ್ತು ಬೆಳಿಗ್ಗೆ ಎರ್ನಾಕುಳಂನಿಂದ ಹೊರಟ ರೈಲಿನಲ್ಲೂ ಡಬ್ಬಿ ಇತ್ತು. ಜೊತೆಗೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಡಿಸ್ಚಾರ್ಜ್ ಕಾಗದ, ಕಲೂರು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿ, ಮದುವೆ ಫೋಟೋದ ಹಾಗೆ ಮಿರಮಿರ ಮಿಂಚುತ್ತಿದ್ದುದು. "ದಾರಿಯಲ್ಲಿ ಎಂತಾದ್ರೂ ಆದ್ರೆ ತೋರ್ಸ್ಲಿಕ್ಕೆ ಅಂತ ಅವಳು ಕಟ್ಟಿ ಕೊಟ್ಟದ್ದು," ಎಂದ ಇಸ್ಮಾಯಿಲ್, "ಇನ್ನು ನೀರು ಬಿದ್ರೂ ಅಳಿಯುದಿಲ್ಲ." ಕೊಲ್ಲಂವರೆಗೂ ಶ್ರೀನಿಧಿ ಅವನಿಗೆ ನಟನೆ ಹೇಳಿಕೊಟ್ಟ. ಎದೆ ಹಿಡಿಯುವಾಗ ಬಲಗೈ ಬೇಡ, ಎಡಗೈ; ಮಂಡಿ ಊರಿ ಬೀಳಿ; ಬೀಳುವ ಮೊದಲು ಆಕಾಶ ನೋಡಿ. ಕಿಟಕಿ ಪಕ್ಕದ ಮುದುಕ ಹೆದರಿ ಜಾಗ ಬದಲಾಯಿಸಿದ. ನಗುವುದು ಎಷ್ಟು ಸುಲಭವಾಗಿತ್ತೆಂದರೆ, ಇಡೀ ಸಂಗತಿಯೇ ಮೊದಲಿನಿಂದಲೂ ಒಂದು ನಾಟಕವಾಗಿತ್ತು, ಇವತ್ತು ಅದರ ಕೊನೆಯ ಪ್ರದರ್ಶನ ಎಂದು ಶ್ರೀನಿಧಿಗೆ ಅನಿಸಿತು. ಬಹುಶಃ ಅದಕ್ಕೇ ಅವನನ್ನು ಕರೆತಂದದ್ದು. ಒಂದು ಸಲ ವೇದಿಕೆಯ ಮೇಲೆ ಆಡಿಬಿಟ್ಟರೆ ಯಾವುದೂ ನಿಜವಾಗಿ ಉಳಿಯುವುದಿಲ್ಲ.

ನಾಟಕದ ರೋಗಿ ಬಂದಾಗ ಅವನು ಎಲ್ಲರಿಗಿಂತ ಮೊದಲು ಕೂಗಿದ್ದು "ಇಸಿಜಿ!" ಎಂದು. ಮೂರು ತಿಂಗಳು ಆ ಒಂದು ಶಬ್ದ ಗಂಟಲಲ್ಲಿ ಕಾದು ಕೂತಿತ್ತು. ಆದರೆ ನಿರ್ಮಲ ಮೇಡಂ ಹೆಣೆದ ಕತೆ ಬೇರೆ. ಇಸಿಜಿ ಸರಿಯಾಗಿಯೇ ಬಂತು. ಪಕ್ಕದ ಮಂಚದಲ್ಲಿ ಸುಳ್ಳು ರಕ್ತದ ಅಪಘಾತ, ಬಾಗಿಲಲ್ಲಿ ಚೀರುವ ಸುಳ್ಳು ಅಜ್ಜಿ, ನಿಲ್ಲದೆ ಬಡಿದುಕೊಳ್ಳುವ ಫೋನು. ಒಂದು ಗಂಟೆ ಬಿಟ್ಟು ಇನ್ನೊಂದು ಇಸಿಜಿ ತೆಗೆಯಬೇಕು, ಅಲ್ಲಿವರೆಗೆ ಇಲ್ಲೇ ಇರಿ ಎಂದು ರೋಗಿಗೆ ಹೇಳಬೇಕಿತ್ತು. ಅವನು ಹೇಳಿದ್ದು "ಈ ವಾರ್ಡಲ್ಲಿ ಎರಡೇ ಶಬ್ದ ಇರಬೇಕು, ಒಂದು ಮೆಷಿನ್ನಿಂದು, ಇನ್ನೊಂದು ನಂದು!" ಎಂದು, ಸುಳ್ಳು ಅಜ್ಜಿಗೆ. ಅಜ್ಜಿಯ ಪಾತ್ರಧಾರಿಣಿ ಬಾಯಿ ಮುಚ್ಚಿ ನಕ್ಕಳು. ಅಷ್ಟರಲ್ಲಿ ಇಸ್ಮಾಯಿಲ್ ನಾಟಕದ ಮನೆಗೆ ಹೋಗಿ, ಹೇಳಿಕೊಟ್ಟ ಹಾಗೆ ಆಕಾಶ ನೋಡಿ, ಮಂಡಿ ಊರಿ, ವಾಪಸು ಬಂದಿದ್ದ.

ಗೊಂಬೆ ಬದುಕಿತು. ಚಹಾ ಬಂತು. ಬಜ್ಜಿಯ ತಟ್ಟೆಗಳ ಪಕ್ಕದಲ್ಲೇ ಹದಿನಾಲ್ಕು ಮಂದಿಯ ಕೇಸ್ ಶೀಟುಗಳು ಒಂದು ಟ್ರೇಯಲ್ಲಿದ್ದವು, ಮೇಲೆ ಒಂದು ಪೆನ್ನು. ಯಾರೂ ಕಾಯುತ್ತಿರಲಿಲ್ಲ. ಶ್ರೀನಿಧಿ ತನ್ನ ಶೀಟನ್ನು ಸುಮ್ಮನೆ, ಅಕ್ಷರ ಚೆನ್ನಾಗಿದೆಯೇ ಎಂದು ನೋಡಲು, ಎಳೆದುಕೊಂಡ. ಎರಡು ಸಾಲುಗಳ ನಡುವೆ ಬಿಳಿ ಜಾಗ ಇತ್ತು. ಎಲ್ಲಿ ಹೋದರೂ ಅವನ ಸಾಲುಗಳ ನಡುವೆ ಯಾಕೆ ಇಷ್ಟು ಜಾಗ ಉಳಿಯುತ್ತದೆ? ಎಡಗೈಯಲ್ಲಿ ಬಜ್ಜಿ ಇತ್ತು, ಬಲಗೈ ಮೇಜಿನ ಮೇಲಿತ್ತು. ಅವನು ಬಜ್ಜಿಯನ್ನು ನೋಡುತ್ತಿದ್ದಾಗ ಬಲಗೈ ತಾನೇ ಬರೆಯಿತು: ಉಳಿಯಲು ಹೇಳಿದೆ, ರೋಗಿ ಬೇಡವೆಂದರು. ಅದೇ ಓರೆ, ಅದೇ ಅವಸರ, ಇಂಗ್ಲಿಷಿನ 'ರೆಫ್ಯೂಸ್ಡ್'ಗೆ ಅದೇ ಉದ್ದನೆಯ ಬಾಲ.

"ಎಂತ ಬರೆಯುದು ಡಾಕ್ಟ್ರೇ?" ಸಕ್ಕರೆ ಇಲ್ಲದ ಚಹಾ ಹಿಡಿದು ಇಸ್ಮಾಯಿಲ್ ಬಂದ.

"ಏನಿಲ್ಲ ಇಕ್ಕಾ. ನಮ್ಮಿಬ್ಬರ ಹಳೇ ಡೈಲಾಗು. ಆವತ್ತು ಬರೆದದ್ದನ್ನೇ ಇವತ್ತೂ ಬರೆದೆ." ಅಂದವನು ನಕ್ಕ. ಬಜ್ಜಿ ತಟ್ಟೆಯ ಆಚೆ ನಿರ್ಮಲ ಮೇಡಂ ಚಟ್ನಿ ಬಡಿಸಿಕೊಳ್ಳುತ್ತಿದ್ದರು. ಅವರಿಗೇನು, ಮಲಯಾಳಿ, ಕನ್ನಡ ತಿಳಿಯುವುದಿಲ್ಲ. ಈ ಊರಲ್ಲಿ ಕನ್ನಡ ಎಂದರೆ ಬಾಗಿಲು ಹಾಕಿಕೊಂಡ ಕೋಣೆ, ಒಳಗೆ ಏನು ಬೇಕಾದರೂ ಮಾತಾಡಬಹುದು.

ಮಧ್ಯಾಹ್ನದ ಕೋರ್ಟಿಗೆ ಮೇಜು, ಕಟಕಟೆ, ಒಂದು ಮರದ ಸುತ್ತಿಗೆ. ನ್ಯಾಯಾಧೀಶರ ಕುರ್ಚಿಯಲ್ಲಿ ನಿರ್ಮಲ. ರೋಗಿಯ ಪರ ವಕೀಲರು ಕೃಷ್ಣಾನಂದ, ನಿಜವಾಗಿಯೂ ನಲವತ್ತು ವರ್ಷ ಕೋರ್ಟಿನಲ್ಲಿ ಕೂಗಿ ಈಗ ಪಿಸುಮಾತಿನಲ್ಲಿ ಮಾತಾಡುವವರು. ಮೊದಲ ಹೆಸರೇ ಶ್ರೀನಿಧಿಯದು. ಅವನು ಕಟಕಟೆ ಹತ್ತುವಾಗ ಕಾಲರು ಸರಿಮಾಡಿಕೊಂಡು ಸಭೆಗೆ ಕೈಬೀಸಿದ. ಯಾರೋ ಸಿಳ್ಳೆ ಹೊಡೆದರು.

"ಡಾಕ್ಟರ್," ಎಂದರು ಕೃಷ್ಣಾನಂದ, ಮಲಯಾಳದಲ್ಲಿ, ಮಗುವನ್ನು ಎಬ್ಬಿಸುವ ಹಾಗೆ, "ಉಳಿಯಿರಿ ಎಂದು ರೋಗಿಗೆ ನೀವು ಹೇಳಿದಿರಾ?"

"ಶೀಟಿನಲ್ಲಿದೆ ಸಾರ್."

"ಶೀಟನ್ನು ಆಮೇಲೆ ಕೇಳುತ್ತೇನೆ ಮೋನೇ. ಈಗ ನಿಮ್ಮನ್ನು ಕೇಳುತ್ತಿದ್ದೇನೆ."

"ಹೇಳಿದೆ." ಅಬ್ಜೆಕ್ಷನ್ ಎಂದು ಮೇಜು ಕುಟ್ಟುವವರು ಯಾರೂ ಇರಲಿಲ್ಲ.

ಕೃಷ್ಣಾನಂದ ಇಸ್ಮಾಯಿಲನ ಕಡೆ ತಿರುಗಿದರು. ಇಸ್ಮಾಯಿಲನ ಕೈಯಲ್ಲಿ ಒಂದು ಚೀಟಿ ಇತ್ತು, ಅದರಲ್ಲಿ ಅವನ ಉತ್ತರ: ಇಲ್ಲ, ಡಾಕ್ಟರು ಏನೂ ಹೇಳಲಿಲ್ಲ. ಅವನು ಚೀಟಿ ನೋಡಿದ, ಕಟಕಟೆಯಲ್ಲಿ ಬೆವರುತ್ತಿದ್ದ ತನ್ನ ಡಾಕ್ಟರನ್ನು ನೋಡಿದ, ಚೀಟಿಯನ್ನು ಮಡಿಚಿ ಅಂಗಿಯ ಜೇಬಿಗೆ ಹಾಕಿದ.

"ಹೇಳಿದ್ದಾರೆ ಸಾರೇ," ಎಂದ, ಮಲಯಾಳದಲ್ಲಿ, ಇಡೀ ಹಾಲಿಗೆ ಕೇಳುವ ಹಾಗೆ. "ನಾನೇ ಕೇಳಲಿಲ್ಲ. ತಪ್ಪೆಲ್ಲ ನನ್ನದು. ಇವತ್ತು ಮಾತ್ರ ಅಲ್ಲ, ಮೂರು ತಿಂಗಳ ಹಿಂದೆ ಕೊಚ್ಚಿಯಲ್ಲಿ ನಿಜವಾಗಿಯೂ ಹೀಗೇ ಆಯಿತು. ಇದೇ ಡಾಕ್ಟರು ಇಸಿಜಿ ಮಾಡಿಸು ಅಂದರು. ನಾನು ಬೇಡ ಅಂದೆ. ನನ್ನ ಹೆಂಡತಿ ಕಾಗದ ಇಟ್ಟುಕೊಂಡಿದ್ದಾಳೆ." ಚೀಲದಿಂದ ತೆಗೆದು, ಮಿಂಚುವ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಟ್ಯೂಬ್‌ಲೈಟು ಅದರಲ್ಲಿ ಉದ್ದಕ್ಕೆ ಹೊಳೆಯಿತು. "ಇಂಥ ಮನುಷ್ಯನ ಮೇಲೆ ನಾಟಕಕ್ಕೂ ಕೇಸು ಹಾಕಲು ನನಗೆ ಮನಸ್ಸಿಲ್ಲ."

ಹದಿಮೂರು ಮಂದಿ ಡಾಕ್ಟರುಗಳು ಎದ್ದು ಚಪ್ಪಾಳೆ ತಟ್ಟಿದರು. ಒಬ್ಬಳು ಕಣ್ಣೊರೆಸಿಕೊಂಡಳು. ಜೀವಮಾನವಿಡೀ ಶ್ರೀನಿಧಿ ಕಾಯುತ್ತಿದ್ದ ದೃಶ್ಯ ಇದೇ: ಕೋರ್ಟು, ಕಟಕಟೆ, ತುಂಬಿದ ಸಭೆ, ತನ್ನ ಪರವಾಗಿ ಗದ್ಗದಿತ ಸಾಕ್ಷಿ. ಆದರೆ ತಾನು ಇದರಲ್ಲಿ ಯಾರು? ನಾಯಕನ ಸ್ನೇಹಿತನೆಂದು ನಂಬಿಸಿ ಇಂಟರ್ವಲ್ಲಿನ ಹೊತ್ತಿಗೆ ಸಿಕ್ಕಿಬೀಳುವವನು. ಆ ಪಾತ್ರಕ್ಕೆ ಯಾವಾಗಲೂ ಸಣ್ಣ ಮೀಸೆ ಇರುತ್ತದೆ. ಅವನು ತನ್ನ ಮೀಸೆ ಮುಟ್ಟಿ ನೋಡಿಕೊಂಡ.

ಚಪ್ಪಾಳೆ ಮುಗಿಯುವವರೆಗೂ ಕೃಷ್ಣಾನಂದ ಕಾದರು. ಆಮೇಲೆ ಎರಡು ಹಾಳೆಗಳನ್ನು ಗೋಡೆಯ ಪರದೆಯ ಮೇಲೆ ಮೂಡಿಸಿದರು. "ಎಡಗಡೆಯದು ಚಹಾಕ್ಕೆ ಮೊದಲು ನಾವು ತೆಗೆದಿಟ್ಟ ಜೆರಾಕ್ಸು. ಬಲಗಡೆಯದು ಚಹಾದ ನಂತರದ್ದು." ಎಡಗಡೆ ಬಿಳಿ ಜಾಗ. ಬಲಗಡೆ ಅದೇ ಜಾಗದಲ್ಲಿ, ಬೋಳು ತಲೆಯ ಮೇಲೆ ಇಟ್ಟ ವಿಗ್ಗಿನ ಹಾಗೆ, ಐದು ಪದ. ಹಾಲು ಗೊಳ್ಳೆಂದಿತು. ನಗು ನಿಲ್ಲುವ ಮೊದಲೇ ಇನ್ನೊಬ್ಬರ ಶೀಟು ಬಂತು, ಮತ್ತೊಬ್ಬರದು ಬಂತು. ಹದಿನಾಲ್ಕರಲ್ಲಿ ಹನ್ನೊಂದು ಮಂದಿ ಚಹಾ ಕುಡಿಯುತ್ತ ಏನಾದರೊಂದು ಸೇರಿಸಿದ್ದರು. ನಗು ಒಂದೊಂದೇ ಕುರ್ಚಿಯಲ್ಲಿ ಆರತೊಡಗಿತು. "ತಪ್ಪು ಮಾಡಿದ ಡಾಕ್ಟರನ್ನು ಕೋರ್ಟು ಎಷ್ಟೋ ಸಲ ಅರ್ಥಮಾಡಿಕೊಂಡಿದೆ," ಎಂದರು ಕೃಷ್ಣಾನಂದ ಅದೇ ಪಿಸುದನಿಯಲ್ಲಿ, "ಸಾಲು ಸೇರಿಸಿದವನನ್ನು ಅರ್ಥಮಾಡಿಕೊಂಡದ್ದು ನಾನು ನೋಡಿಲ್ಲ. ಬರೆದದ್ದು ತಪ್ಪಿದ್ದರೆ ಒಂದೇ ಗೆರೆ ಎಳೆಯಿರಿ, ಕೆಳಗಿನದು ಓದುವ ಹಾಗಿರಲಿ, ತಿದ್ದಿದ ದಿನದ ತಾರೀಖು ಹಾಕಿ ಸಹಿ ಮಾಡಿ."

ಶ್ರೀನಿಧಿ ಪರದೆ ನೋಡುತ್ತಿರಲಿಲ್ಲ. ಅವನು ನೋಡುತ್ತಿದ್ದದ್ದು ಇಸ್ಮಾಯಿಲನನ್ನು. ಇಸ್ಮಾಯಿಲ್ ಮೊದಲು ಎಡಗಡೆಯ ಹಾಳೆ ನೋಡಿದ, ಆಮೇಲೆ ಬಲಗಡೆಯದು. ಇಂಗ್ಲಿಷು ಅವನಿಗೆ ಓದಲು ಬಾರದು. ಆದರೆ ಟೀಚರು ಬೆರಳಿಟ್ಟು ತೋರಿಸಿದ ಸಾಲಿನ ಆಕಾರವನ್ನು ಮೂರು ತಿಂಗಳಿನಿಂದ ದಿನವೂ ನೋಡಿದ್ದ. ಉಳಿಯಿರಿ ಎಂದು ಇವತ್ತು ಯಾರೂ ತನಗೆ ಹೇಳಿರಲಿಲ್ಲ ಎಂಬುದು, ಮಂಚದ ಮೇಲೆ ಮಲಗಿದ್ದ ಅವನಿಗೆ ಗೊತ್ತಿತ್ತು. ತಲೆ ತಗ್ಗಿಸಿ ಮಡಿಲಲ್ಲಿದ್ದ ಲ್ಯಾಮಿನೇಶನ್ನನ್ನು ನೋಡಿದ. ಹೆಬ್ಬೆರಳಿನಿಂದ ಅದರ ಮೇಲಿನ ಧೂಳು ಒರೆಸಿದ. ಧೂಳು ಇರಲಿಲ್ಲ.

ಹೊರಡುವಾಗ ಕಾರಿಡಾರಿನಲ್ಲಿ ನಿರ್ಮಲ ಮೇಡಂ ಅಡ್ಡ ನಿಂತರು. ಬೈಗುಳಕ್ಕೆ ಬೇಕಾದ ಇಂಗ್ಲಿಷನ್ನು ಶ್ರೀನಿಧಿ ಮನಸ್ಸಿನಲ್ಲೇ ಸಿದ್ಧಮಾಡಿಕೊಂಡ. ಅವರು ಬಾಯಿ ತೆರೆದಾಗ ಬಂದದ್ದು ಕನ್ನಡ, ಎಲ್ಲೋ ಅಟ್ಟದ ಮೇಲಿಟ್ಟು ಮರೆತ ಪಾತ್ರೆಯನ್ನು ತೆಗೆದ ಹಾಗೆ.

"ಟ್ರೇಯಲ್ಲಿದ್ದ ಪೆನ್ನು ನಂದು. ಆವತ್ತಿನ ಪೆನ್ನು ಯಾರ್ದು?"

ಬಜ್ಜಿ ತಟ್ಟೆಯ ಮುಂದೆ ತಾನು ಆಡಿದ ಮಾತು ಶ್ರೀನಿಧಿಗೆ ನೆನಪಾಯಿತು.

"ನಮ್ಮಪ್ಪ ಓಂಕಾರಪ್ಪ, ದಾವಣಗೆರೆಯವ್ರು. ರಾಕೆಟ್ ಕೆಲ್ಸಕ್ಕೆ ಅಂತ ಇಲ್ಲಿ ತುಂಬಾ ಅನ್ನೋ ಊರಿಗೆ ಬಂದ್ರು, ನಾನು ಇಲ್ಲೇ ಹುಟ್ಟಿದ್ದು. ಅಮ್ಮ ಕನ್ನಡದಲ್ಲಿ ಬೈತಿದ್ಲು, ನಾನು ಮಲಯಾಳದಲ್ಲಿ ಉತ್ತರ ಕೊಡ್ತಿದ್ದೆ. ಹಂಗಾಗಿ ನಂಗೆ ಮಾತಾಡಕ್ಕೆ ಬರಲ್ಲ." ಒಂದು ಪದಕ್ಕಾಗಿ ತಡಕಾಡಿದರು. "ಕೇಳಕ್ಕೆ ಪೂರ್ತಿ ಬರುತ್ತೆ. ಅವ್ರಿಗೆ ನೀನ್ ಹೇಳ್ತೀಯೋ, ನಾನ್ ಹೇಳ್ಲೋ?"

"ನಾನೇ ಹೇಳ್ತೀನಿ ಮೇಡಂ."

"ಶರಿ," ಎಂದು ಮಲಯಾಳಕ್ಕೆ ಮರಳಿ ಹೊರಟುಹೋದರು.

ಸಂಜೆಯ ರೈಲು ವರ್ಕಲ ದಾಟಿತು. ಇಸ್ಮಾಯಿಲ್ ಡಬ್ಬಿ ತೆರೆದು ಉಳಿದಿದ್ದ ಎರಡು ಪತ್ತಿರಿಯಲ್ಲಿ ಒಂದನ್ನು ಅವನ ಕಡೆ ಸರಿಸಿದ, ಯಾವತ್ತಿನ ಹಾಗೆಯೇ. ಹೇಳುವುದಾದರೆ ಕೊಲ್ಲಂ ಬರುವುದರೊಳಗೆ ಎಂದು ಶ್ರೀನಿಧಿ ಗಡುವು ಹಾಕಿಕೊಂಡ, ಕೊಲ್ಲಂ ಬಂತು, ಹೋಯಿತು, ಕಾಯಂಕುಳಂ ಎಂದುಕೊಂಡ. ಎಷ್ಟೊಂದು ಆರಂಭಗಳು ಹೊಳೆದವು, ಎಲ್ಲದಕ್ಕೂ ಹಿಂದೆ ಪಿಟೀಲು. ಮಂಡಿ ಊರಬೇಕೇ, ಕಿಟಕಿಯ ಆಚೆ ನೋಡುತ್ತ ಹೇಳಬೇಕೇ? ಕೊನೆಗೆ ಬಾಯಲ್ಲಿ ಪತ್ತಿರಿ ಇರುವಾಗಲೇ, ಅದನ್ನು ನುಂಗದೆ, ಹೇಳಿಬಿಟ್ಟ.

"ಇಕ್ಕಾ, ಆವತ್ತು ನಾನು ಇಸಿಜಿ ವಿಷಯ ಹೇಳೇ ಇರಲಿಲ್ಲ. ಮಾರನೇ ದಿನ ಬರೆದೆ. ನೀವು ಬೇಡ ಅನ್ನಲಿಲ್ಲ."

ಇಸ್ಮಾಯಿಲ್ ಅಗಿಯುವುದನ್ನು ನಿಲ್ಲಿಸಲಿಲ್ಲ. ಒಂದು ಸೇತುವೆ ಬಂತು, ಅದರ ಸದ್ದು ಮುಗಿಯುವವರೆಗೂ ಕಾದ.

"ಗ್ಯಾಸು ಬಂದ ದಾರೀಲೇ ಹೋಗುತ್ತೆ ಅಂದ್ರಲ್ಲ, ಅದು ನಂಗೆ ಸರೀ ನೆನಪುಂಟು," ಎಂದ. "ಸೈಟಲ್ಲಿ ಎಲ್ಲರಿಗೂ ಹೇಳಿದ್ದೇನೆ. ಅಷ್ಟು ನೆನಪಿರುವವನಿಗೆ ಬೇಡ ಅಂದದ್ದು ಯಾಕೆ ನೆನಪಿಲ್ಲ ಅಂತ ಮೂರು ತಿಂಗಳು ತಲೆ ಕೆಡಿಸಿಕೊಂಡೆ ಮಾರಾಯ್ರೆ. ಮಂಡೆಯ ನರ ಹೋಗಿದೆ ಅಂತ ಮಾಡಿದ್ದೆ. ಲಾರಿ ಹತ್ಲಿಕ್ಕೇ ಹೆದರಿಕೆ."

ಇದನ್ನು ಶ್ರೀನಿಧಿ ಯೋಚಿಸಿರಲೇ ಇಲ್ಲ. ಅವನು ಇಸ್ಮಾಯಿಲನ ಮಡಿಲಿನಿಂದ ಡಿಸ್ಚಾರ್ಜ್ ಕಾಗದ ಎತ್ತಿಕೊಂಡ, ಪೆನ್ನು ತೆಗೆದ. ಒಂದೇ ಗೆರೆ, ತಾರೀಖು, ಸಹಿ. ನಿಬ್ಬು ಪ್ಲಾಸ್ಟಿಕ್ಕಿನ ಮೇಲೆ ಜಾರಿತು. ಒತ್ತಿದ, ಮತ್ತೆ ಜಾರಿ ರೈಲಿನ ಅಲುಗಾಟಕ್ಕೆ ಬೆರಳಿಗೆ ನೀಲಿ ಮೆತ್ತಿತು. ಒಳಗೆ ಆ ಐದು ಪದ, ನೀರು ಬಿದ್ದರೂ ಅಳಿಯದೆ, ನುಣ್ಣಗೆ ಮಲಗಿದ್ದವು.

"ಆಸ್ಪತ್ರೆಯ ಫೈಲಲ್ಲಿ ಸೋಮವಾರ ಹೊಡೆದು ಹಾಕ್ತೀನಿ," ಎಂದ. "ಎಲ್ಲರ ಎದುರಿಗೆ. ಆಮೇಲೆ ನೀವು ಕೇಸು ಹಾಕಬಹುದು ಇಕ್ಕಾ. ಹಾಕಿದ್ರೆ ಗೆಲ್ತೀರ."

"ಹಾಕಿದ್ರೆ ಆ ಪಿಸಪಿಸ ವಕೀಲರನ್ನೇ ಇಡುದು," ಎಂದ ಇಸ್ಮಾಯಿಲ್. ನಗುತ್ತಿದ್ದಾನೋ ಇಲ್ಲವೋ ಗೊತ್ತಾಗಲಿಲ್ಲ. "ಅದು ಆಮೇಲೆ. ದೊಡ್ಡ ಕೋರ್ಟು ಮೊದಲು." ಜೇಬಿನಿಂದ ನೋಕಿಯಾ ತೆಗೆದು, ಒಂದು ಗುಂಡಿ ಒತ್ತಿ, ರಿಂಗಾಗುತ್ತಿದ್ದ ಫೋನನ್ನು ಅವನ ನೀಲಿ ಕೈಗೆ ಇಟ್ಟ. "ನಾನು ಹೇಳಿದ್ರೆ ನಂಬುದಿಲ್ಲ. ನೀವೇ ಹೇಳಿ."

"ಹಲೋ," ಎಂದಿತು ಕಲೂರು. ಹಿಂದೆ ಎಣ್ಣೆಯಲ್ಲಿ ಏನೋ ಚುರುಗುಡುತ್ತಿತ್ತು. ಶ್ರೀನಿಧಿ ತನ್ನ ಹೆಸರು ಹೇಳಿದ. ಒಲೆ ಆರಿಸಿದ ಸದ್ದಾಯಿತು. "ಯಾ ಅಲ್ಲಾ! ಎಂತಾಯ್ತು ಡಾಕ್ಟ್ರೇ? ಅಲ್ಲಿಗೂ ಬಂದು ಇವ್ರು ಎಂತಾದ್ರೂ ಬೇಡ ಅಂದ್ರಾ?"

ಅವನು ಪಿಟೀಲಿಗಾಗಿ ಕಾದ. ಬರಲಿಲ್ಲ. ಗಾಲಿಗಳ ಸದ್ದು ಮಾತ್ರ ಇತ್ತು.

"ಇಲ್ಲ ನಫೀಸಾ ಅವ್ರೇ. ಅವ್ರು ಬೇಡ ಅಂದಿಲ್ಲ. ಆವತ್ತೂ ಅಂದಿರಲಿಲ್ಲ. ನಾನು ಕೇಳೇ ಇರಲಿಲ್ಲ. ಆ ಕಾಗದದಲ್ಲಿ ಇರೋದು ಸುಳ್ಳು, ಬರೆದದ್ದು ನಾನು. ಈಗ ಹೊಡೆದು ಹಾಕೋಣ ಅಂದ್ರೆ ಪೆನ್ನು ಹಿಡೀತಾ ಇಲ್ಲ."

ಎದುರಿಗೆ ಇಸ್ಮಾಯಿಲ್ ಡಬ್ಬಿಯ ಮುಚ್ಚಳ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಟೋಪಿ ಇಟ್ಟುಕೊಂಡು ಕೂತಿದ್ದ, ತೀರ್ಪಿಗೆ ಕೂತವನ ಹಾಗೆ.

"ನಾಳೆ ಮನೆಗೆ ಬನ್ನಿ," ಎಂದಳು ನಫೀಸಾ. "ಪೆನ್ನು ನೀವು ತನ್ನಿ. ಕತ್ತರಿ ನಮ್ಮಲ್ಲಿ ಉಂಟು."